ನಮ್ಮ ಸಣ್ಣ ಲ್ಯಾಬಿನಲ್ಲೇ ಪ್ಯಾರಸಿಟಮಾಲ್ ಲೆವೆಲ್: ನನ್ನ ಅನುಭವ

ಕೇರಳ ಗಡಿಯೊಳಗಿನ ಉಪ್ಪಳದ ಲ್ಯಾಬಿನಲ್ಲಿ ಪ್ಯಾರಸಿಟಮಾಲ್ ಲೆವೆಲ್, ಅಂದರೆ ಮಾತ್ರೆ ಅತಿಯಾಗಿ ನುಂಗಿದವರ ರಕ್ತದಲ್ಲಿ ಅದು ಎಷ್ಟಿದೆ ಅನ್ನುವ ಟೆಸ್ಟ್, ಮಾಡ್ತೇನೆ ಅಂದಾಗ ಮಂಗಳೂರಿನ ಗೆಳೆಯರು ನಕ್ಕಿದ್ದರು. "ನಿಮ್ಗೆ ಬೇರೆ ಕೆಲ್ಸ ಇಲ್ವಾ ಮಾರಾಯ್ರೇ?" ಈಗ ಅವರೇ ಫೋನ್ ಮಾಡಿ ಕೆಮಿಕಲ್‌ಗಳ ಅಳತೆ ಕೇಳುತ್ತಾರೆ.

ಮೊದಲೆಲ್ಲ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಮಂಗಳೂರಿಗೆ ಹೋಗುತ್ತಿತ್ತು, ರಿಪೋರ್ಟ್ ಮರುದಿನ. ಮಾತ್ರೆ ನುಂಗಿ 4 ಗಂಟೆ ಆಗುವ ಮೊದಲು ರಕ್ತ ತೆಗೆದು ಪ್ರಯೋಜನ ಇಲ್ಲ, 8 ಗಂಟೆಯೊಳಗೆ ಅದರ ವಿಷಕ್ಕೆ ಮದ್ದು ಅಸಿಟೈಲ್‌ಸಿಸ್ಟೀನ್ ಶುರುವಾಗಬೇಕು. ಮರುದಿನದ ರಿಪೋರ್ಟ್ ಯಾರಿಗೆ? ಡಾಕ್ಟ್ರು ಅಂದಾಜಿನ ಮೇಲೆ ಡ್ರಿಪ್ ಹಾಕುತ್ತಿದ್ದರು. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿತು, ಸೀರಂ ಕಳಿಸುವುದೂ ನಿಂತಿತು.

ಮೊದಲು ಎನ್‌ಜೈಮ್ ಕಿಟ್ ತರಿಸಿದೆ, ಹತ್ತು ಸಾವಿರದ ಹತ್ತಿರ ಆಗಿತ್ತು. ಕೇಸು ಬರುವುದು ಅಪರೂಪ, ಅರ್ಧಕ್ಕರ್ಧ ಎಕ್ಸ್‌ಪೈರಿ ಆಗಿ ಸಿಂಕಿಗೆ ಸುರಿದೆ. ಮೇಲಿಂದ ಕಾಮಾಲೆಯವರ ಸೀರಂ ಇಟ್ಟರೆ ಮಾತ್ರೆ ಮುಟ್ಟದವರಿಗೂ ಲೆವೆಲ್ ತೋರಿಸುತ್ತಿತ್ತು.

ಹಾಗಾಗಿ 1975ರ ಗ್ಲಿನ್-ಕೆಂಡಲ್ ವಿಧಾನಕ್ಕೆ ಇಳಿದೆ. ಟಿಸಿಎಯಲ್ಲಿ (ಟ್ರೈಕ್ಲೋರೋಅಸೆಟಿಕ್ ಆಸಿಡ್) ಸೀರಂನ ಪ್ರೋಟೀನ್ ತಳಕ್ಕೆ ಕೂರಿಸಿ, ಮೇಲಿನ ತಿಳಿಗೆ ಆಸಿಡ್, ನೈಟ್ರೈಟ್, ಆಮೇಲೆ ಮಿಕ್ಕ ನೈಟ್ರೈಟ್ ತೆಗೆಯಲು ಸಲ್ಫಾಮಿಕ್, ಕೊನೆಗೆ ಕಾಸ್ಟಿಕ್ ಸೋಡಾ. ಪ್ಯಾರಸಿಟಮಾಲ್ ಇದ್ದರೆ ಹಳದಿ. ಗೋಳು ಹೊಯ್ದುಕೊಂಡದ್ದು ಸಲ್ಫಾಮಿಕ್. ಒಮ್ಮೆಲೇ ಸುರಿದರೆ ಗೋಲಿ ಸೋಡಾದ ಹಾಗೆ ಉಕ್ಕಿ ಅರ್ಧ ಸ್ಯಾಂಪಲ್ ಮೇಜಿನ ಮೇಲೆ. ಹನಿ ಹನಿ ಬಿಡಬೇಕು, ಕಿಟಕಿ ತೆರೆದಿರಲಿ. ನೊರೆ ಇಳಿದರೂ ಬಣ್ಣ ಅಳೆಯುವ ಸಣ್ಣ ಪಾತ್ರೆಯ (ಕ್ಯುವೆಟ್) ಗೋಡೆಗೆ ಸಣ್ಣ ಗುಳ್ಳೆ ಅಂಟಿಕೊಂಡು ರೀಡಿಂಗ್ ಕುಣಿಯುತ್ತದೆ. ಅದನ್ನು ಬಿಡಿಸುವ ಉಪಾಯ ನನ್ನದೇ, ಸದ್ಯಕ್ಕೆ ಹೇಳುವುದಿಲ್ಲ. ನೈಟ್ರೈಟ್ ಮಾತ್ರ ಆಗಿಂದಾಗ ಕರಗಿಸಿ.

ಹೋಲಿಸಿ ನೋಡಲು ಪ್ರಮಾಣ ಗೊತ್ತಿರುವ ದ್ರಾವಣ (ಸ್ಟ್ಯಾಂಡರ್ಡ್) ಬೇಕು, ಅದಕ್ಕೆ ಅಂಗಡಿ ಮಾತ್ರೆ ಅರೆದು ನೋಡಿದೆ. ಹಿಟ್ಟಿನಿಂದ ನೀರೆಲ್ಲ ಮಬ್ಬು, ಸೋಸಿದರೂ ದಿನಕ್ಕೊಂದು ಲೆಕ್ಕ. ಶುದ್ಧ ಪುಡಿಯೇ ಆಗಬೇಕು. ಒಂದು ಡಬ್ಬಿ ವರ್ಷಗಟ್ಟಲೆ ಬರುತ್ತದೆ, ಈಗ ಟೆಸ್ಟಿಗೆ ಕೆಮಿಕಲ್ ಖರ್ಚು ಹೆಚ್ಚೆಂದರೆ 30 ರೂಪಾಯಿ.

ಸುಮ್ನೆ ಕುತೂಹಲಕ್ಕೆ ನಾನೇ 650 ಮಿಲಿಗ್ರಾಂನ ಒಂದು ಪ್ಯಾರಸಿಟಮಾಲ್ ಮಾತ್ರೆ ನುಂಗಿ, ಗಂಟೆ ಬಿಟ್ಟು ರಕ್ತ ತೆಗೆದು ನೋಡಿದೆ. ಬ್ಲ್ಯಾಂಕಿಗೂ (ಮದ್ದಿಲ್ಲದ ಸ್ಯಾಂಪಲ್) ಅದಕ್ಕೂ ವ್ಯತ್ಯಾಸವೇ ಗೊತ್ತಾಗಲಿಲ್ಲ. ಪರವಾಗಿಲ್ಲ, ನಮಗೆ ಬೇಕಾದ್ದು 4 ಗಂಟೆಯ ಸ್ಯಾಂಪಲ್ ಮಿಲಿಲೀಟರಿಗೆ 150 ಮೈಕ್ರೋಗ್ರಾಂ ದಾಟಿದೆಯಾ ಅನ್ನುವುದು, ಡ್ರಿಪ್ ಹಾಕುವ ಗೆರೆ ಅದು. ಬ್ರಿಟನ್ನಿನವರು 2012ರಲ್ಲಿ ಅದನ್ನು 100ಕ್ಕೆ ಇಳಿಸಿದರು. ಯಾವ ಗೆರೆ ಹಿಡಿಯುವುದು ಅನ್ನುವುದು ಡಾಕ್ಟ್ರಿಗೆ ಬಿಟ್ಟದ್ದು.

ಗಡಿ ತೆರೆದ ಮೇಲೆ ಕೆಲವು ಸೀರಂ ಪಾಲು ಮಾಡಿ ಮಂಗಳೂರಿಗೂ ಕಳಿಸಿದೆ. ಅವರದು 180 ಚಿಲ್ಲರೆ ಬಂದದ್ದು ನನ್ನಲ್ಲಿ 170ರ ಆಸುಪಾಸು. ಗಂಟೆಯೊಳಗೆ ಇಷ್ಟು ಸಿಕ್ಕಿದರೆ ಸಾಕಲ್ವಾ?

ಆಸ್ಪಿರಿನ್ ಜಾಸ್ತಿ ನುಂಗಿದ್ದರೂ ಸ್ವಲ್ಪ ಹಳದಿ ಏರುತ್ತದೆ. ಅನುಮಾನ ಬಂದರೆ ಮೂತ್ರಕ್ಕೆ ನಾಲ್ಕು ಹನಿ ಫೆರಿಕ್ ಕ್ಲೋರೈಡ್ ಬಿಡಿ. ನೇರಳೆ ಆದರೆ ನಂಬರ್ ಕೊಡುವ ಮೊದಲು ಡಾಕ್ಟ್ರಿಗೆ ಫೋನ್ ಮಾಡಿ.