ಕೊನೆಯ 30 ಪುಟಕ್ಕೆ ರಬ್ಬರ್ ಬ್ಯಾಂಡ್

ಬೀದರಿನ ಮೇ ತಿಂಗಳಲ್ಲಿ ಮಧ್ಯಾಹ್ನ ಹೊರಗೆ ಕಾಲಿಡುವ ಮಾತೇ ಇಲ್ಲ. ಭಾಲ್ಕಿಯಿಂದ ರಜೆಗೆ ಬಂದ ಅಣ್ಣನ ಮಗಳು, ಒಂಬತ್ತನೇ ತರಗತಿ ಮುಗಿಸಿದವಳು, ಒಂದು ಪತ್ತೇದಾರಿ ಕಾದಂಬರಿ ತಂದಿದ್ದಳು. ಹದಿನಾರರ ಹುಡುಗಿಯೊಬ್ಬಳು ಕಾಣೆಯಾದ ಗೆಳತಿಯನ್ನು ಹುಡುಕುವ ಕಥೆ. ಅವಳ ವಯಸ್ಸಿನಲ್ಲಿ ನಾನು ಇಂಥವನ್ನು ಒಂದೇ ಉಸಿರಿಗೆ ಓದುತ್ತಿದ್ದೆ, ತಡೆಯಲಾರದೆ ಕೊನೆಯ ಪುಟ ನೋಡಿಬಿಡುತ್ತಿದ್ದೆ. ಈ ಸಲ ಹಾಗಾಗಬಾರದೆಂದು ಕೊನೆಯ 30 ಪುಟಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಬಿಗಿದೆವು. ದಿನಕ್ಕೆ ಎರಡು ಅಧ್ಯಾಯ, ಗಟ್ಟಿಯಾಗಿ, ಒಬ್ಬರಾದ ಮೇಲೆ ಒಬ್ಬರು.

ಜೊತೆಗೊಂದು ನೋಟ್‌ಬುಕ್. ಮೊದಲೆರಡು ದಿನ ಯಾರ ಮೇಲೆ ಅನುಮಾನ ಎಂಬುದನ್ನಷ್ಟೇ ಬರೆದೆವು. ಉಪಯೋಗವಾಗಲಿಲ್ಲ. ಲೇಖಕಿ ಯಾರ ಕಡೆ ಬೆರಳು ತೋರಿಸಿದರೋ ಅವರನ್ನೇ ಹಿಡಿಯುತ್ತಿದ್ದೆವು. ಮೂರನೇ ದಿನ ಗೆರೆ ಎಳೆದು ನಾಲ್ಕು ಮನೆ ಮಾಡಿದೆವು: ಯಾರು, ಎಲ್ಲಿದ್ದರು, ಎಷ್ಟು ಗಂಟೆಗೆ, ಹೀಗೆಂದು ಹೇಳಿದ್ದು ಯಾರು. ಈ ನಾಲ್ಕನೆಯದೇ ಮುಖ್ಯ. ಕಥಾನಾಯಕಿ ಕಣ್ಣಾರೆ ಕಂಡದ್ದಕ್ಕೆ ನೀಲಿ ಪೆನ್ನು, ಬೇರೆಯವರು ಬಾಯಲ್ಲಿ ಹೇಳಿದ್ದಕ್ಕೆ ಕೆಂಪು. ಪುಟ ತುಂಬಿದಾಗ ನೋಡಿದರೆ ಬಹುಪಾಲು ಕೆಂಪು. ಹದಿನಾರರ ಹುಡುಗಿಗೆ ಪೊಲೀಸರ ಹಾಗೆ ಫೋನ್ ಕರೆಗಳ ಪಟ್ಟಿ ಸಿಗುವುದಿಲ್ಲ, ಯಾರ ಮನೆಯನ್ನೂ ಶೋಧಿಸುವ ಅಧಿಕಾರವಿಲ್ಲ. ಜನ ಹೇಳಿದ್ದೇ ಅವಳ ಬಂಡವಾಳ. ಈ ವಯಸ್ಸಿನವರ ಪತ್ತೇದಾರಿ ಕಥೆಗಳಲ್ಲಿ ನನ್ನನ್ನು ಹಿಡಿದು ಕೂಡಿಸುವುದೂ ಇದೇ: ತುತ್ತು ಕೊಟ್ಟ ಕೈಯನ್ನೇ ಅನುಮಾನಿಸಬೇಕಾಗುತ್ತದೆ.

ನಡುವೆ ಒಂದಿನ ಅವಳೆಂದಳು, "ಅತ್ಯಾ, ಆ ಹಳೇ ಮನಿಯಾಗ ಸುರಂಗ ಇರಬೇಕು. ನೌಬಾದಿನಾಗ ನೋಡಿದ್ವಲ್ಲ, ಹಂಗ." ನೌಬಾದಿನ ಸುರಂಗ ಬಾವಿಯನ್ನು ಹಿಂದಿನ ವಾರವಷ್ಟೇ ತೋರಿಸಿದ್ದೆ. ನೆಲದಡಿ ನೀರು ಹರಿಸಲು ಬಹಮನಿ ಕಾಲದಲ್ಲಿ ಕೊರೆದ ಕಾಲುವೆ ಅದು, ಮೇಲಿಂದ ಬಾವಿಯಂಥ ಕಂಡಿಗಳು. ಅದೇ ಅವಳ ತಲೆಯಲ್ಲಿ ಕೂತಿತ್ತು. ಆಗ ರೊನಾಲ್ಡ್ ನಾಕ್ಸ್ ಎಂಬ ಇಂಗ್ಲೆಂಡಿನ ಪಾದ್ರಿ 1929ರಲ್ಲಿ ಪತ್ತೇದಾರಿ ಕಥೆಗೆ ಹಾಕಿದ 10 ನಿಯಮಗಳ ಬಗ್ಗೆ ಹೇಳಿದೆ. ಗುಪ್ತದಾರಿ ಒಂದಕ್ಕಿಂತ ಹೆಚ್ಚಿರಬಾರದು. ಅಪರಾಧಿ ಕಥೆಯ ಮೊದಮೊದಲಲ್ಲೇ ಬಂದಿರಬೇಕು. ಪತ್ತೇದಾರನಿಗೆ ಸಿಕ್ಕ ಸುಳಿವು ಆ ಕ್ಷಣವೇ ಓದುಗರಿಗೂ ಸಿಗಬೇಕು.

"ಅಂದ್ರ ಉತ್ತರ ನಾವು ಓದಿದ್ದರಾಗೇ ಅದ!" ಎಂದು ಎದ್ದು ಕೂತಳು.

ನಾನು ಸಂಗೀತದ ಮಾಸ್ತರನ್ನೇ ಹಿಡಿದು ಕೂತಿದ್ದೆ. ಅವಳು ಕೆಂಪು ಸಾಲುಗಳನ್ನಷ್ಟೇ ಓದುತ್ತ ಹೋಗಿ ಪಕ್ಕದ ಮನೆಯವನ ಹತ್ತಿರ ನಿಂತಳು. ಗೆಳತಿ ಕೂಗಿದ್ದು ಕೇಳಲಿಲ್ಲವೇ ಅಂದಾಗ ಅವನು, ಬೋರ್‌ವೆಲ್ ಮೋಟಾರ್ ಚಾಲೂ ಇತ್ತು, ಏನೂ ಕೇಳಿಸಲಿಲ್ಲ ಎಂದಿದ್ದ.

"ಅತ್ಯಾ, ಆವತ್ತು ಏಳು ಗಂಟಿಗಿ ಕರೆಂಟೇ ಇರಲಿಲ್ಲಲ್ಲ? ಅಜ್ಜಿ ಮೇಣಬತ್ತಿ ಹುಡುಕಲಿಕ್ಕ ಹೋಗಿ ಬೆಲ್ಲದ ಡಬ್ಬಿ ಕೆಡವಿದ್ಲಲ್ಲ?"

ಎರಡನೇ ಅಧ್ಯಾಯಕ್ಕೆ ಹೋಗಿ ನೋಡಿದೆವು. ಹೌದು, ಇಡೀ ಓಣಿ ಕತ್ತಲು. ಆ ಪ್ರಸಂಗಕ್ಕೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಲೇಖಕಿ ಸುಳಿವನ್ನು ನಗುವಿನೊಳಗೇ ಬಚ್ಚಿಟ್ಟಿದ್ದರು. ಬೇಸಿಗೆಯಲ್ಲಿ ಮೋಟಾರ್ ಹಚ್ಚಲು ಕರೆಂಟಿನ ದಾರಿ ಕಾಯುವ ಮನೆಯ ಹುಡುಗಿಗೆ ಅದು ಥಟ್ಟನೆ ಹೊಳೆಯಿತು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಆ ಸಂಜೆ ಅಣ್ಣನಿಗೆ ಫೋನ್ ಮಾಡಿ ಹೇಳಿದೆ.

ರಬ್ಬರ್ ಬ್ಯಾಂಡ್ ತೆಗೆದೆವು. ಅವನೇ.

ಮರುದಿನ ಮತ್ತೆ ಮೊದಲಿಂದ ಓದತೊಡಗಿದೆವು. ಮೊದಲ ಅಧ್ಯಾಯದಲ್ಲೇ ಆತ ಕಾಂಪೌಂಡಿನ ಆಚೆಯಿಂದ ಇಬ್ಬರು ಹುಡುಗಿಯರಿಗೂ ಪೇರಲ ಹಣ್ಣು ಕೊಡುತ್ತಾನೆ. ಮೊದಲ ಸಲ ಒಂದೇ ಸಾಲಿನಂತೆ ದಾಟಿ ಹೋಗಿದ್ದ ಜಾಗ. ಅವಳು ಓದುವುದನ್ನು ನಿಲ್ಲಿಸಿದಳು. ಬಹಳ ಹೊತ್ತು ಮಾತಾಡಲಿಲ್ಲ. ನಾನು ನೋಟ್‌ಬುಕ್ ಮುಂದಿಟ್ಟೆ. ಎರಡೂ ಪೆನ್ನು ಕೈಯಲ್ಲಿ ಹಿಡಿದು ಕೇಳಿದಳು:

"ಇದು ಆಕಿ ಕಣ್ಣಾರೆ ನೋಡಿದ್ದು ಅತ್ಯಾ. ಆದ್ರ ನೀಲಿಲೆ ಹ್ಯಾಂಗ ಬರೀಲಿ?"