ಹಲಸಿನ ಬೀಜ ಒಣಗಿಸಬೇಡಿ

ಹಣ್ಣು ತಿಂದು ಬೀಜ ತೊಳೆದು ಕಿಟಕಿ ಕಟ್ಟೆ ಮೇಲೆ ಸಾಲಾಗಿ ಇಡುತ್ತಾರೆ. ಎರಡು ತಿಂಗಳು ಬಿಟ್ಟು ಕುಂಡದಲ್ಲಿ ಹೂತು, "ಅಜ್ಜಿ, ಮೊಳಕೆನೇ ಬರ್ಲಿಲ್ಲ" ಅಂತಾರೆ. ಬರುವುದಾದರೂ ಹೇಗೆ? ಒಣಗಿದ ಹಲಸಿನ ಬೀಜ ಸತ್ತ ಬೀಜ. ಹಲಸು ಪಶ್ಚಿಮ ಘಟ್ಟದ ಮಳೆಕಾಡಿನ ಮರ. ಅಲ್ಲಿ ಹಣ್ಣು ಬೀಳುವುದೇ ಮಳೆ ಹಿಡಿಯುವ ಹೊತ್ತಿಗೆ. ಬೀಜ ಒದ್ದೆ ನೆಲಕ್ಕೆ ಬಿದ್ದು ಆಗಲೇ ಮೊಳೆಯುತ್ತದೆ, ಕಾಯುವ ಗುಣ ಅದಕ್ಕಿಲ್ಲ. ಒಣಗಿಸಿ ಇಡಬೇಕಾದ್ದು ಬೇಳೆಕಾಳು.

ಹಣ್ಣು ಕೊಯ್ದ ದಿನವೇ ಬೀಜ ಹಾಕಿ. ದಪ್ಪ ಬೀಜ ಆರಿಸಿ, ಲೋಳೆ ಪೂರ್ತಿ ಹೋಗುವ ಹಾಗೆ ತೊಳೆದು, ಮೇಲಿನ ಬಿಳಿ ಸಿಪ್ಪೆ ಸುಲಿಯಿರಿ.

ಈಗ ನಾನು ಹೇಳುವುದನ್ನು ಹಾಗೇ ಮಾಡಿ. ಪ್ಲಾಸ್ಟಿಕ್ ಕವರ್ ಬೇಡ. ಹಲಸಿನ ತಾಯಿಬೇರು ನೆಟ್ಟಗೆ ಇಳಿಯಬೇಕು. ಕವರಿನ ತಳ ತಾಗಿದರೆ ಸುತ್ತಿಕೊಳ್ಳುತ್ತದೆ, ಕಿತ್ತು ನೆಡುವಾಗ ಮುರಿದರೆ ಗಿಡ ಮೇಲೇಳುವುದಿಲ್ಲ. ನಮ್ಮತ್ತೆ ಮಂಡ್ಯದ ಹಿತ್ತಲಲ್ಲಿ ಬಾಳೆ ಪಟ್ಟೆಯಲ್ಲೇ ಸಸಿ ಮಾಡುತ್ತಿದ್ದರು. ಗೊನೆ ಕಡಿದ ಬಾಳೆಯ ಹೊರಪಟ್ಟೆ ಬಿಡಿಸಿ ಒಂದು ದಿನ ನೆರಳಲ್ಲಿ ಬಾಡಿಸಿ. ಹಸಿದಾದರೆ ಸುತ್ತುವಾಗ ಸೀಳುತ್ತದೆ. ಒಂದೂವರೆ ಗೇಣು ಉದ್ದಕ್ಕೆ ಕೊಯ್ದು, ಮುಷ್ಟಿ ಹಿಡಿಸುವಷ್ಟು ಅಗಲದ ಕೊಳವೆಯಾಗಿ ಸುತ್ತಿ, ಬಾಳೆ ನಾರಿನಿಂದಲೇ ಎರಡು ಕಡೆ ಕಟ್ಟಿ. ತಳ ಮುಚ್ಚಬೇಡಿ. ಮಂಕರಿಯಲ್ಲಿ ಒತ್ತೊತ್ತಾಗಿ ನಿಲ್ಲಿಸಿ, ಕೆಂಪು ಮಣ್ಣು, ಮರಳು, ಹಳೇ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಬೀಜವನ್ನು ಅಡ್ಡ ಮಲಗಿಸಿ ಬೆರಳಿನ ಒಂದು ಗಿಣ್ಣಿನಷ್ಟು ಮಣ್ಣು ಮುಚ್ಚಿ. ತೇವ ಇರಲಿ, ಕೆಸರಾಗಬಾರದು. ಎರಡು ಮೂರು ವಾರಕ್ಕೆ ಮೊಳಕೆ ಕಾಣುತ್ತದೆ, ಕೆಲವು ತಡ. ನಾಲ್ಕು ಎಲೆ ಬಿಡುತ್ತಿದ್ದ ಹಾಗೆ ಪಟ್ಟೆ ಸಮೇತ ನೆಲಕ್ಕಿಳಿಸಿ. ಪಟ್ಟೆ ಅಲ್ಲೇ ಕೊಳೆತು ಗೊಬ್ಬರವಾಗುತ್ತದೆ, ಬೇರಿಗೆ ಕೈ ತಾಗುವುದೇ ಇಲ್ಲ.

ಜಾಗ ನೋಡಿ ನೆಡಿ. ನಾಲೆ ಬಯಲಿನ ಗದ್ದೆ ಪಕ್ಕ ಬೇಡ, ಬೇರಿನ ಹತ್ತಿರ ನೀರು ನಿಂತರೆ ಹಲಸು ಉಳಿಯುವುದಿಲ್ಲ. ಗೋಡೆಯಿಂದ 30 ಅಡಿಯಾದರೂ ದೂರ ಇರಲಿ. ಮೊದಲೆರಡು ಬೇಸಿಗೆ ನೀರು ಹಾಕಿ, ಬುಡಕ್ಕೆ ತರಗು ಹೊದಿಸಿ.

ಬೀಜದ ಗಿಡ ತಾಯಿಮರದ ರುಚಿಯನ್ನೇ ಕೊಡುತ್ತದೆ ಅನ್ನುವ ಹಾಗಿಲ್ಲ. ಅದೇ ತೊಳೆ ಬೇಕೆಂದರೆ ಕಸಿ ಗಿಡ ತನ್ನಿ. ಕೆಂಪು ತೊಳೆಯ ಸಿದ್ದು ಹಲಸು ತುಮಕೂರು ಕಡೆಯದು, ಒಳ್ಳೆ ಜಾತಿ. ಕಸಿ ಗಿಡ ಮೂರು ನಾಲ್ಕು ವರ್ಷಕ್ಕೇ ಕಾಯಿ ಬಿಡುತ್ತದೆ. ಬೀಜದ್ದಕ್ಕೆ ಏಳೆಂಟು ವರ್ಷ ತಾಳ್ಮೆ ಬೇಕು.

ಮೊದಲ ಸಲ ಹೂ ಬಿಟ್ಟಾಗ ಬೆರಳುದ್ದದ ಮಿಡಿಗಳು ಕಪ್ಪಾಗಿ ಉದುರುತ್ತವೆ. ರೋಗ ಅಂತ ಔಷಧಿ ಹೊಡೆಯಲು ಓಡಬೇಡಿ, ಅವು ಗಂಡು ಹೂಗಳು. ಉದುರಿದ್ದನ್ನು ಗುಡಿಸಿ ಗೊಬ್ಬರದ ಗುಂಡಿಗೆ ಹಾಕಿ, ಅಷ್ಟೇ.