ಬೇಸಿಗೆಯಲ್ಲಿ ಮೀನಿನ ತೊಟ್ಟಿ ಬಿಸಿಯಾಗದಂತೆ ನೋಡಿಕೊಳ್ಳುವುದು

ಮಂಡ್ಯದ ಏಪ್ರಿಲ್ ಬಿಸಿಲಿಗೆ ತಾರಸಿ ಮನೆಯಲ್ಲಿಟ್ಟ 30 ಲೀಟರ್ ತೊಟ್ಟಿಯ ನೀರು ಮಧ್ಯಾಹ್ನದ ಹೊತ್ತಿಗೆ 32 ಡಿಗ್ರಿ ಮುಟ್ಟಿಬಿಡುತ್ತದೆ. ಗಪ್ಪಿ ಎಂಬ ಪುಟ್ಟ ಮೀನಿಗೆ 24ರಿಂದ 28 ಸಾಕು, ಗೋಲ್ಡ್‌ಫಿಶ್‌ಗೆ ಇನ್ನೂ ತಂಪು ಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಆಕ್ಸಿಜನ್ ಕಡಿಮೆ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ತಕ್ಷಣ ಥರ್ಮಾಮೀಟರ್ ನೋಡಿ, ಏರ್ ಪಂಪ್ ಹಾಕಿ.

ಮಧ್ಯಾಹ್ನ ಲೈಟ್ ಆರಿಸಿ, ಕಿಟಕಿಗೆ ಪರದೆ ಎಳೆಯಿರಿ. ಆಮೇಲೆ ಮುಚ್ಚಳ ತೆಗೆದು, ಮೀನು ಹಾರಿ ಬೀಳದ ಹಾಗೆ ಸೊಳ್ಳೆ ಪರದೆಯ ತುಂಡು ಕಟ್ಟಿ, ಸಣ್ಣ ಟೇಬಲ್ ಫ್ಯಾನ್ ಗಾಳಿ ನೀರಿನ ಮೇಲೆ ಹಾಯುವಂತೆ ತಿರುಗಿಸಿ. ಮಣ್ಣಿನ ಮಡಕೆ ತಂಪಾಗುವುದೂ ಹೀಗೇ ಅಲ್ವಾ? ಆವಿಯಾಗುವ ನೀರು ಶಾಖವನ್ನೂ ಒಯ್ಯುತ್ತದೆ, ಸಾಮಾನ್ಯವಾಗಿ 2–3 ಡಿಗ್ರಿ ಇಳಿಯುತ್ತದೆ. ಆದರೆ ನೀರಿನಲ್ಲಿರುವ ಉಪ್ಪು ಆವಿಯಾಗದೆ ತೊಟ್ಟಿಯಲ್ಲೇ ಉಳಿಯುತ್ತದೆ, ಹಾಗಾಗಿ ಕಡಿಮೆಯಾದ ನೀರಿನ ಬದಲಿಗೆ ಗಡಸು ಬೋರ್‌ವೆಲ್ ನೀರನ್ನೇ ದಿನಾ ತುಂಬಬೇಡಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಔಷಧಿ ಹಾಕಿ ಬಳಸಿ.

ಐಸ್ ಸುರಿಯುವ ಬುದ್ಧಿ ಮಾತ್ರ ಬೇಡ. ನಾನು ಸುರಿದು ಎರಡು ಗಪ್ಪಿ ಕಳೆದುಕೊಂಡೆ. ಅರ್ಧ ಲೀಟರ್ ಬಾಟಲಿಯಲ್ಲಿ ನೀರು ಗಟ್ಟಿ ಮಾಡಿ ತೇಲಿಬಿಡಿ, ಗಂಟೆಗೆ ಒಂದು ಡಿಗ್ರಿಗಿಂತ ಜಾಸ್ತಿ ಇಳಿಯುತ್ತಿದ್ದರೆ ಎತ್ತಿಡಿ. ಕರೆಂಟ್ ಹೋದರೆ? ನೀರಿಗೆ ಗಾಳಿ ಬೆರೆಯುವಂತೆ ಲೋಟದಲ್ಲಿ ತೊಟ್ಟಿ ನೀರನ್ನೇ ಮೊಗೆದು ಮೇಲಿಂದ ಸುರಿಯುತ್ತಿರಿ.